ಈಡು ಹಾರಲಿಲ್ಲ, ಈಗೇನು ಮಾಡೋದು? ಮಲೆನಾಡಿನ ಕೋವಿ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಅಡಿಕೆ ತೋಟ, ಗದ್ದೆ ಕಾಯಲು ಪರವಾನಗಿ ಪಡೆದು ಕೋವಿ ಇಟ್ಟುಕೊಂಡವರಿಗಾಗಿ ಇದನ್ನು ಬರೆದಿದ್ದೇನೆ. ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪದ ಕಡೆ ಇಬ್ಬರು ಕೋವಿಯವರು ಸೇರಿದರೆ ಮಾತು ಕೊನೆಗೆ ಬಂದು ನಿಲ್ಲುವುದು ಹಾರದ ಈಡಿನ ಮೇಲೇ, ಅಂದರೆ ಕೋವಿಗೆ ತುಂಬಿಯೂ ಸಿಡಿಯದ ಗುಂಡಿನ ಮೇಲೇ. ಹಂದಿ ಎದುರಿಗೇ ಇತ್ತಂತೆ, ಟಕ್ ಅಂತಂತೆ, ಅಷ್ಟೇ ಅಂತೆ. ಕಥೆ ಕೇಳೋಕೆ ಚೆನ್ನಾಗಿರುತ್ತದೆ. ಆದರೆ ಆ ಟಕ್ ಆದಮೇಲೆ ನಿಮ್ಮ ಕೈ ಏನು ಮಾಡಿತು ಅಂತ ಕೇಳಿ ನೋಡಿ. ಜಾಸ್ತಿ ಜನ ಆ ಕ್ಷಣವೇ ಕೋವಿ ಮಡಚಿ ಒಳಗೆ ಇಣುಕಿರುತ್ತಾರೆ. ನನಗೆ ಹೆದರಿಕೆ ಇರುವುದು ಅಲ್ಲೇ.

ಟ್ರಿಗರ್ ಎಳೆದೆ, ಟಕ್ ಅಂತು, ಈಡು ಹಾರಲಿಲ್ಲ. ಮೊದಲು ಏನು ಮಾಡಬೇಕು?

ಏನೂ ಮಾಡಬಾರದು. ಕೋವಿ ಯಾವ ಕಡೆಗೆ ಹಿಡಿದಿದ್ದೀರೋ ಹಾಗೇ ಹಿಡಿದುಕೊಂಡು ನಿಲ್ಲಿ. ಆ ಕಡೆ ಮನೆ, ದಾರಿ, ಜನ ಇದ್ದರೆ ಮಾತ್ರ ಮೆಲ್ಲಗೆ ಪಕ್ಕದ ಧರೆಯ ಕಡೆಗೆ ತಿರುಗಿಸಿ. ಬೆರಳು ಟ್ರಿಗರಿನಿಂದ ಆಚೆ. ತೋಟಾ ಕೋವಿಯಾದರೆ (ಕೇಪು, ಮದ್ದು, ಚರೆ ಅನ್ನುವ ಸಣ್ಣ ಗುಂಡು ಎಲ್ಲ ಒಂದೇ ಕೊಳವೆಯಲ್ಲಿರುವುದೇ ತೋಟಾ) ಕಡೇಪಕ್ಷ 30 ಸೆಕೆಂಡು ಕಾಯಿರಿ. ನಳಿಗೆಯ ಬಾಯಿಂದ ಮದ್ದು ತುಂಬಿ, ಪೆಟ್ಟಿಗೆ ಕಿಡಿ ಕೊಡುವ ಪುಟ್ಟ ಕೇಪನ್ನು ಹೊರಗೆ ಕೂರಿಸುವ ಕೇಪಿನ ಕೋವಿಯಾದರೆ ಒಂದು ನಿಮಿಷ ಸಾಲದು, ಎರಡು ನಿಮಿಷ ಇರಲಿ. ಆಮೇಲೆ ಕೋವಿ ಮಡಚುವಾಗ ಮುಖ, ಕೈ ತೋಟಾದ ಹಿಂದಕ್ಕೆ ನೇರವಾಗಿ ಇರಬಾರದು, ಸ್ವಲ್ಪ ಪಕ್ಕಕ್ಕೆ ಇರಲಿ. ಜೋಡಿನಳಿಗೆಯವರಿಗೆ ಇನ್ನೊಂದು ಮಾತು: ಒಂದು ನಳಿಗೆ ಕೈಕೊಟ್ಟಿತು ಅಂತ ಸಿಟ್ಟಿಗೆ ಇನ್ನೊಂದನ್ನು ಹೊಡೆಯಬೇಡಿ. ಹಂದಿ ಹೋದರೆ ಹೋಗಲಿ, ನಾಳೆ ಮತ್ತೆ ಬರುತ್ತದೆ, ಅದಕ್ಕೆ ನಿಮ್ಮ ತೋಟ ಬಿಟ್ಟು ಬೇರೆ ಜಾಗ ಎಲ್ಲಿದೆ?

ಅಷ್ಟು ಹೊತ್ತು ಯಾಕೆ ಕಾಯಬೇಕು? ಹಾರದಿದ್ದರೆ ಹಾರಲ್ಲ, ಅಲ್ವಾ?

ಅಲ್ಲ. ಪಿನ್ನು ಕೇಪಿಗೆ ಹೊಡೆಯುತ್ತದೆ, ಕೇಪು ಕಿಡಿ ಕೊಡುತ್ತದೆ, ಕಿಡಿಗೆ ಮದ್ದು ಹತ್ತುತ್ತದೆ, ಮದ್ದಿನ ಒತ್ತಡಕ್ಕೆ ಚರೆ ಹೊರಗೆ ಹೋಗುತ್ತದೆ. ಈ ನಾಲ್ಕರ ನಡುವೆ ಎಲ್ಲಿ ಬೇಕಾದರೂ ತಡವಾಗಬಹುದು. ಕೇಪಿಗೆ ಶೀತ ಹಿಡಿದಿದ್ದರೆ ಕಿಡಿ ಸಣ್ಣದಾಗುತ್ತದೆ, ಮದ್ದು ಹಸಿಸೌದೆಯ ಹಾಗೆ ಮೊದಲು ಕನಲಿ ಆಮೇಲೆ ಹತ್ತುತ್ತದೆ. ತೋಟಾದಲ್ಲಿ ಈ ತಡ ಸಾಮಾನ್ಯವಾಗಿ ಒಂದು ಸೆಕೆಂಡಿಗಿಂತ ಕಡಿಮೆ. ಆದರೆ ಅಪರೂಪಕ್ಕೆ ಅದಕ್ಕಿಂತ ಹೆಚ್ಚಾಗುವುದೂ ಉಂಟು, ನಾವು ಕಾಯುವುದು ಆ ಅಪರೂಪಕ್ಕೆ. ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಯಲ್ಲಿ ಕಿಡಿ ಹೋಗುವ ದಾರಿಯೂ ಉದ್ದ, ಮದ್ದೂ ಹವೆಗೆ ತೆರೆದಿರುತ್ತದೆ, ಹಾಗಾಗಿ ತಡವೂ ಜಾಸ್ತಿ.

ಮಾಳ (ಗದ್ದೆ ಕಾವಲಿನ ಅಟ್ಟಣೆ) ಕಾಯುವ ಹಳಬರು ಒಂದು ಘಟನೆ ಹೇಳುತ್ತಿದ್ದರು. ಕೇಪು ಟಪ್ ಅಂದದ್ದೇ, ಆಸಾಮಿ ಕೋವಿಯ ಹಿಡಿಯನ್ನು ನೆಲಕ್ಕೆ ಊರಿ, ನಳಿಗೆಯನ್ನು ತೋಳಿಗೆ ಆನಿಸಿಕೊಂಡು, ಸೊಂಟದ ಚೀಲದಲ್ಲಿ ಇನ್ನೊಂದು ಕೇಪಿಗೆ ತಡಕಾಡುತ್ತಿದ್ದನಂತೆ. ಈಡು ಆಗ ಹಾರಿತು. ಕಂಬಳಿಕೊಪ್ಪೆಯ ತುದಿ ಸುಟ್ಟು ಚಿಂದಿಯಾಯಿತು, ತಲೆ ಉಳಿಯಿತು. ಆಮೇಲೆ ಆತನಿಗೆ ಎಡಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಇದನ್ನು ಅವರು ನಗುತ್ತಾ ಹೇಳುತ್ತಿದ್ದರು. ನನಗೆ ಮಾತ್ರ ನಗು ಬರುವುದಿಲ್ಲ.

ತಪ್ಪು ತೋಟಾದ್ದೋ ಕೋವಿದ್ದೋ, ಗೊತ್ತಾಗೋದು ಹೇಗೆ?

ಹಾರದ ತೋಟಾ ಹೊರಗೆ ತೆಗೆದ ಮೇಲೆ ಅದರ ಹಿತ್ತಾಳೆ ತಳವನ್ನು ಬೆಳಕಿಗೆ ಹಿಡಿದು ನೋಡಿ. ನಡುವೆ ಇರುವ ಗುಂಡಗಿನ ಕೇಪಿನ ಮೇಲೆ ಪಿನ್ನು ಬಿದ್ದ ತಗ್ಗು ಇರುತ್ತದೆ. ಎಲ್ಲ ಅದರಲ್ಲೇ ಬರೆದಿರುತ್ತದೆ.

ತಗ್ಗು ಆಳವಾಗಿ, ಸರಿಯಾಗಿ ನಡುವೆ ಇದ್ದರೆ ಕೋವಿ ತನ್ನ ಕೆಲಸ ಮಾಡಿದೆ, ತೋಟಾ ಕೆಟ್ಟಿದೆ. ಸುಮ್ನೆ ಗೀರಿದ ಹಾಗೆ, ಉಗುರಿಗೂ ಸಿಗದಷ್ಟು ತೆಳುವಾಗಿದ್ದರೆ ತೋಟಾವನ್ನು ಬೈಯಬೇಡಿ. ಸ್ಪ್ರಿಂಗ್ ಸೋತಿದೆ, ಪಿನ್ನಿನ ತುದಿ ಸವೆದಿದೆ, ಇಲ್ಲವೇ ಪಿನ್ನು ಓಡಾಡುವ ತೂತಿನಲ್ಲಿ ಹಳೇ ಎಣ್ಣೆ ಗೋಂದಿನಂತೆ ಕೂತಿದೆ. ಎಷ್ಟೋ ವರ್ಷ ಕೋವಿಯನ್ನು ಕುದುರೆ (ಪಿನ್ನಿಗೆ ಹೊಡೆಯುವ ಸುತ್ತಿಗೆ) ಎಳೆದೇ ಗೋಡೆಗೆ ನೇತುಹಾಕುವ ಮನೆಗಳಿವೆ. ಅಂಥ ಕಡೆ ಸ್ಪ್ರಿಂಗ್ ಸೋಲದೆ ಏನಾಗುತ್ತದೆ? ತಗ್ಗು ಒಂದು ಪಕ್ಕಕ್ಕೆ ಬಿದ್ದಿದ್ದರೆ ನಳಿಗೆ ಕೂರುವ ಕೀಲು ಸಡಿಲವಾಗಿರಬಹುದು, ಅದನ್ನು ರಿಪೇರಿಯವರಿಗೆ ತೋರಿಸುವವರೆಗೆ ಹೊಡೆಯಬೇಡಿ. ಗುರುತೇ ಇಲ್ಲದಿದ್ದರೆ ಪಿನ್ನು ಮುರಿದಿದೆ, ಇಲ್ಲಾ ಸೇಫ್ಟಿ ಹಾಕಿಯೇ ಇದೆ. ಎರಡನೆಯದನ್ನು ಯಾರೂ ಒಪ್ಪಿಕೊಳ್ಳುವುದಿಲ್ಲ, ಎಲ್ಲರೂ ತೋಟಾ ಠುಸ್ ಅಂತಲೇ ಹೇಳುವುದು.

ಮೊದಲ ಪೆಟ್ಟಿಗೆ ಹಾರದೆ ಎರಡನೇ ಪೆಟ್ಟಿಗೆ ಹಾರಿದರೆ ಸಂತೋಷ ಪಡಬೇಡಿ. ಅದು ಹೆಚ್ಚಾಗಿ ಪೆಟ್ಟು ಸೋತಿರುವುದರ ಗುರುತು.

ಮಳೆಗಾಲದಲ್ಲೇ ಹೀಗೆ ಜಾಸ್ತಿ ಆಗುತ್ತಲ್ಲ?

ಆಗದೆ ಇರುತ್ತದೆಯೇ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಹೊಸನಗರದ ಹುಲಿಕಲ್ ಕಡೆಯೂ ಅದಕ್ಕೇನು ಕಡಿಮೆಯಿಲ್ಲ. ಆರಿದ್ರೆಯಲ್ಲಿ ಹಿಡಿದದ್ದು ಮಘೆ ಮುಗಿದರೂ ಬಿಡುವುದಿಲ್ಲ. ಕಪಾಟಿನಲ್ಲಿಟ್ಟ ಚರ್ಮದ ಚಪ್ಪಲಿಗೆ ಬೂಷ್ಟು ಬರುತ್ತದೆ ಅಂದಮೇಲೆ ಅದೇ ಕಪಾಟಿನ ತೋಟಾಕ್ಕೆ ಏನೂ ಆಗಲ್ಲ ಅಂದುಕೊಳ್ಳುವುದು ಹೇಗೆ?

ಈಗಿನ ಪ್ಲಾಸ್ಟಿಕ್ ತೋಟಾ ಒಂದು ಮಳೆಗೆ ನೆಂದ ಮಾತ್ರಕ್ಕೆ ಕೆಡುವುದಿಲ್ಲ. ಹಳೇ ರಟ್ಟಿನ ತೋಟಾ ಹಾಗಲ್ಲ, ಹಸಿ ಎಳೆದು ಉಬ್ಬಿ ನಳಿಗೆಯೊಳಗೆ ಕೂರುವುದೇ ಇಲ್ಲ. ತಳ್ಳಿ ಕೂರಿಸಿದರೆ ಹೊರಗೆ ಬರುವುದಿಲ್ಲ. ಅಂಥವು ಇನ್ನೂ ಉಳಿದಿದ್ದರೆ ಅದಕ್ಕೆ ಮರ್ಯಾದೆಯಿಂದ ನಿವೃತ್ತಿ ಕೊಡಿ.

ತೋಟಾ ಕೆಡಿಸುವುದು ಮಳೆಗಿಂತ ಹೆಚ್ಚಾಗಿ ನಾವು ಇಡುವ ಜಾಗ. ಕೆಲವರು ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಾರೆ, ಬೆಚ್ಚಗಿರಲಿ ಅಂತ. ಅಲ್ಲಿ ಹಗಲೆಲ್ಲ ಕಾಯುತ್ತದೆ, ರಾತ್ರಿ ತಣಿಯುತ್ತದೆ, ಜೊತೆಗೆ ಅನ್ನದ ಹಬೆ. ವರ್ಷಗಟ್ಟಲೆ ಹೀಗಾದರೆ ಮದ್ದಿನ ಗುಣ ಹೋಗುತ್ತದೆ. ಇನ್ನು ಕೆಲವರು ಫ್ರಿಜ್ಜಿನಲ್ಲಿಡುತ್ತಾರೆ. ಹೊರಗೆ ತೆಗೆದ ಕೂಡಲೇ ಹಿತ್ತಾಳೆಯ ಮೇಲೆ ಬೆವರು ಕೂರುತ್ತದೆ, ನೀವೇ ಕೈಯಾರೆ ನೀರು ಹಚ್ಚಿದ ಹಾಗಾಯಿತು. ರಬ್ಬರ್ ಅಂಚಿರುವ ಗಟ್ಟಿ ಮುಚ್ಚಳದ ಡಬ್ಬಿ, ಒಳಗೆ ಚಪ್ಪಲಿ ಪೆಟ್ಟಿಗೆಯಲ್ಲಿ ಬರುವಂಥ ಸಿಲಿಕಾ ಜೆಲ್ ಚೀಲ ನಾಲ್ಕು, ಒಲೆ ಬಚ್ಚಲು ಎರಡರಿಂದಲೂ ದೂರದ ಒಂದು ಬೀಗದ ಕಪಾಟು. ಇಷ್ಟು ಸಾಕು. ತಳದಲ್ಲಿ ಹಸಿರು ಕಿಲುಬು ಕಂಡ ತೋಟಾವನ್ನು ಬೇರೆ ಇಡಿ, ಅದನ್ನು ತಿಕ್ಕಿ ಹೊಳಪು ಮಾಡಿ ಮತ್ತೆ ಡಬ್ಬಿಗೆ ಹಾಕಬೇಡಿ.

ತೋಟಾಕ್ಕೆ ಎಣ್ಣೆ ಹಚ್ಚಿಟ್ಟರೆ ಹಸಿ ಹಿಡಿಯೋದಿಲ್ಲ ಅಂತಾರಲ್ಲ?

ಹಸಿ ಹಿಡಿಯುವುದಿಲ್ಲವೇನೋ, ಈಡೂ ಹಾರುವುದಿಲ್ಲ. ತೆಳು ಎಣ್ಣೆ ಕೇಪಿನ ಅಂಚಿನ ಸಂದಿಯಿಂದ ಒಳಗೆ ಇಳಿದು ಸಿಡಿಮದ್ದನ್ನು ಸಾಯಿಸುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಇನ್ನೂ ಕೆಟ್ಟದು, ಅದು ಇರುವುದೇ ಸಂದಿಗೆ ನುಗ್ಗಲಿಕ್ಕೆ. ಎಣ್ಣೆ ಕೋವಿಗೆ ಹಚ್ಚಿ, ತೋಟಾಕ್ಕೆ ಬೇಡ. ಕೋವಿಗೆ ಹಚ್ಚಿದ್ದನ್ನೂ ಒಣಬಟ್ಟೆಯಲ್ಲಿ ಒರೆಸಿ ತೆಗೆದ ಮೇಲೇ ತೋಟಾ ಹಾಕಿ.

ಕೋವಿಗೆ ಕೊಬ್ಬರಿ ಎಣ್ಣೆ ಹಾಕುವವರಿಗೆ ಪ್ರತ್ಯೇಕವಾಗಿ ಹೇಳಬೇಕು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರಿನ ಬೆಳಗಿನ ಜಾವ ನಿಮ್ಮ ತಲೆಗೆ ಹಚ್ಚುವ ಎಣ್ಣೆ ಬಾಟಲಿಯಿಂದ ಬೀಳುವುದಿಲ್ಲ ತಾನೇ? ಅದೇ ಎಣ್ಣೆ ಪಿನ್ನಿನ ಸುತ್ತ ಬೆಣ್ಣೆಯಂತೆ ಕೂತಿರುತ್ತದೆ. ಪಿನ್ನು ಮುಂದೆ ಹೋಗುತ್ತದೆ, ಆದರೆ ನಿಧಾನಕ್ಕೆ. ಕೇಪಿಗೆ ಬೇಕಾದದ್ದು ಚುರುಕು ಪೆಟ್ಟು. ಹೊಲಿಗೆ ಮೆಶಿನ್ ಎಣ್ಣೆ ಒಂದು ಹನಿ ಹಾಕಿದರೆ ಮುಗಿಯುತ್ತದೆ.

ನಮ್ಮದು ಕೇಪಿನ ಕೋವಿ. ಕೇಪು ಸಿಡಿಯುತ್ತದೆ, ಮದ್ದು ಹತ್ತೋದಿಲ್ಲ. ಯಾಕೆ?

ಲೈಸೆನ್ಸ್ ಪುಸ್ತಕದಲ್ಲಿ ಎಸ್‌ಬಿಎಂಎಲ್ (ಒಂಟಿನಳಿಗೆಯ, ಬಾಯಿಂದ ತುಂಬುವ ಕೋವಿ) ಅಂತ ಬರೆದಿರುವವರೆಲ್ಲ ಇದನ್ನು ಓದಿ. ಕೇಪು ಕೂರುವ ಮೊಳೆಯಲ್ಲಿ ಒಂದು ಸಣ್ಣ ತೂತು ಇದೆ. ಕಿಡಿ ಮದ್ದಿನವರೆಗೆ ಹೋಗುವುದು ಅದರೊಳಗಿಂದ. ಕರಿಮದ್ದು ಉರಿದಮೇಲೆ ಉಳಿಯುವ ಕಸರು ಗಾಳಿಯ ನೀರನ್ನು ಎಳೆದುಕೊಳ್ಳುತ್ತದೆ. ನಮ್ಮ ಹವೆಯಲ್ಲಿ ಒಂದೇ ರಾತ್ರಿಗೆ ಅದು ಕಪ್ಪು ಕೆಸರಾಗಿ ತೂತು ಕಟ್ಟುತ್ತದೆ. ಕೋವಿ ಹೊಡೆದ ದಿನವೇ ಬಿಸಿನೀರಿನಲ್ಲಿ ನಳಿಗೆ ತೊಳೆದು ಒಣಗಿಸಿದರೆ ಈ ತೊಂದರೆ ಹೆಚ್ಚುಕಡಿಮೆ ಮುಗಿಯಿತು. ನಾಳೆ ತೊಳೆದರಾಯ್ತು ಅಂದವರ ಕೋವಿಯೇ ಕೈಕೊಡುವುದು.

ಇನ್ನೊಂದು ಕಾರಣ ಆಯುಧಪೂಜೆ. ಕೋವಿಗೆ ಎಣ್ಣೆ ತಿಕ್ಕಿ, ಕುಂಕುಮ ಇಟ್ಟು, ಹೂ ಏರಿಸುತ್ತೇವೆ. ಒಳ್ಳೆಯದೇ. ಆದರೆ ಕುಂಕುಮ ಇಡುವುದು ಸರಿಯಾಗಿ ಆ ಮೊಳೆಯ ತುದಿಗೆ, ಅದೇ ಕೈಗೆ ಸುಲಭವಾಗಿ ಸಿಗುವ ಜಾಗ ನೋಡಿ. ಎಣ್ಣೆಯಲ್ಲಿ ಕಲಸಿದ ಕುಂಕುಮ ತೂತಿನಲ್ಲಿ ಒಣಗಿದರೆ ಸಿಮೆಂಟ್ ಹಾಕಿದ ಲೆಕ್ಕ. ಹಿಡಿಗೆ ಇಡಿ, ದೇವರು ಬೇಡ ಅನ್ನಲ್ಲ. ಹಬ್ಬ ಮುಗಿದ ಮೇಲೆ, ನಳಿಗೆ ಖಾಲಿ ಅಂತ ಖಾತ್ರಿ ಮಾಡಿಕೊಂಡು, ಸಣ್ಣ ತಂತಿಯಿಂದ ತೂತು ಬಿಡಿಸಿ.

ಅಂದಹಾಗೆ ಕೇಪು ಬಂದದ್ದೇ ಶಿಕಾರಿಯವನೊಬ್ಬನ ಈ ತಾಪತ್ರಯದಿಂದ. ಚಕಮಕಿ ಕಲ್ಲಿನ ಬಂದೂಕಿನಲ್ಲಿ ಮೊದಲು ಹೊರಗಿನ ಬಟ್ಟಲಿನ ಮದ್ದು ಭಗ್ ಅನ್ನುತ್ತಿತ್ತು, ಆಮೇಲೆ ಒಳಗಿನದು. ಅಷ್ಟರಲ್ಲಿ ಹಕ್ಕಿ ಹಾರಿಹೋಗುತ್ತಿತ್ತು. ಹಕ್ಕಿ ಹೊಡೆಯುವ ಹುಚ್ಚಿದ್ದ ಸ್ಕಾಟ್ಲೆಂಡಿನ ಪಾದ್ರಿ ಅಲೆಗ್ಸಾಂಡರ್ ಫೋರ್ಸಿತ್ ಪೆಟ್ಟಿಗೆ ಸಿಡಿಯುವ ಮದ್ದಿನಿಂದ ಈಡು ಹಾರಿಸುವ ದಾರಿ ಕಂಡುಕೊಂಡು 1807ರಲ್ಲಿ ಪೇಟೆಂಟ್ ಪಡೆದ. ಆಮೇಲೆ ಬಂದ ಕೇಪು ಅದೇ ದಾರಿಯದು.

ಕೇಪಿಗೆ ಬದಲು ಬೆಂಕಿಕಡ್ಡಿ ಮದ್ದು, ಕರಿಮದ್ದಿಗೆ ಬದಲು ಪಟಾಕಿ ಮದ್ದು ಹಾಕುವವರು ಇದ್ದಾರೆ. ಪಟಾಕಿ ಮದ್ದು ಉರಿಯುವ ರೀತಿಯೇ ಬೇರೆ, ನಳಿಗೆ ಸೀಳುತ್ತದೆ. ಇದರ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ಹಾರಲಿಲ್ಲ ಅಂತ ಮೇಲಿಂದ ಇನ್ನೊಂದು ಈಡು ತುಂಬಿದ್ರೆ?

ಇದು ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ನಡೆಯುತ್ತದೆ, ಬೇಕು ಅಂತಲ್ಲ, ಮರೆತು. ಸಂಜೆ ತುಂಬಿದವನು ಅಣ್ಣ, ರಾತ್ರಿ ಎತ್ತಿಕೊಂಡವನು ತಮ್ಮ. 1863ರ ಅಮೆರಿಕದ ಗೆಟಿಸ್‌ಬರ್ಗ್ ಯುದ್ಧದ ನಂತರ ಮೈದಾನದಲ್ಲಿ ಸಿಕ್ಕ ಸುಮಾರು 27,500 ಬಂದೂಕುಗಳಲ್ಲಿ ಸುಮಾರು 24,000 ತುಂಬಿದ್ದವು, ಅವುಗಳಲ್ಲಿ ಅರ್ಧದಷ್ಟಕ್ಕೆ ಎರಡೆರಡು ಈಡು ಇತ್ತು, ಒಂದರಲ್ಲಂತೂ 23 ಈಡು ಇತ್ತು ಅಂತ ಆ ಕಾಲದ ಲೆಕ್ಕ ಹೇಳುತ್ತದೆ. ಸುತ್ತ ಅಷ್ಟು ಸದ್ದಿರುವಾಗ ತನ್ನ ಕೋವಿ ಹಾರಲಿಲ್ಲ ಅನ್ನುವುದೇ ಸಿಪಾಯಿಗೆ ಗೊತ್ತಾಗುತ್ತಿರಲಿಲ್ಲ.

ಇದಕ್ಕೆ ಹಳಬರ ಉಪಾಯ ಚೆನ್ನಾಗಿದೆ. ಕೋವಿ ಖಾಲಿ ಇರುವಾಗ ಗಜವನ್ನು (ಮದ್ದು ತಳ್ಳಿ ಕೂರಿಸುವ ಕೋಲು) ನಳಿಗೆಯೊಳಗೆ ತಳದವರೆಗೆ ಬಿಟ್ಟು, ಬಾಯಿಯ ಮಟ್ಟಕ್ಕೆ ಚಾಕುವಿನಲ್ಲಿ ಒಂದು ಗೆರೆ ಕೊರೆಯಿರಿ. ಒಂದು ಈಡು ತುಂಬಿದಾಗ ಅದೇ ಮಟ್ಟಕ್ಕೆ ಇನ್ನೊಂದು ಗೆರೆ. ಮುಂದೆ ಯಾವಾಗ ಗಜ ಇಳಿಸಿದರೂ ಕೋವಿ ಖಾಲಿಯೋ, ಒಂದೋ, ಎರಡೋ ಅಂತ ಗೆರೆ ಹೇಳುತ್ತದೆ. ಗಜ ಇಳಿಸುವ ಮೊದಲು ಮೊಳೆಯ ಮೇಲಿನ ಕೇಪು ತೆಗೆದಿರಬೇಕು, ಮುಖ ನಳಿಗೆಯ ಬಾಯಿಗೆ ಬರಬಾರದು. ಹಾರದ ಈಡನ್ನು ತೆಗೆಯಬೇಕಾದರೆ, ಕಾದ ಮೇಲೆ ಕೇಪು ತೆಗೆದು ನಳಿಗೆಗೆ ಧಾರಾಳ ನೀರು ಹೊಯ್ಯಿರಿ. ಕರಿಮದ್ದು ನೆಂದರೆ ಹತ್ತುವುದಿಲ್ಲ. ಉಳಿದ ಕೆಲಸ ಲೈಸೆನ್ಸ್ ಇರುವ ಕೋವಿ ರಿಪೇರಿಯವರಿಗೆ ಬಿಡಿ.

ಟಕ್ ಅಲ್ಲ, ಢಂ ಅಲ್ಲ, ‘ಪುಸ್’ ಅಂತು. ಇನ್ನೊಂದು ತೋಟಾ ಹಾಕಬಹುದಾ?

ಹಾಕಬೇಡಿ. ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಾದರೆ ಇದನ್ನು ಓದಿ. ಪುಸ್ ಅಂದರೆ ಕೇಪು ಸಿಡಿದಿದೆ, ಮದ್ದು ಅರ್ಧಂಬರ್ಧ ಉರಿದಿದೆ, ಚರೆಯನ್ನು ಹೊರಗೆ ತಳ್ಳುವಷ್ಟು ಒತ್ತಡ ಬಂದಿಲ್ಲ. ಚರೆಯ ಹಿಂದಿನ ಬೂಚು ನಳಿಗೆಯ ಮಧ್ಯೆ ಸಿಕ್ಕಿಕೊಂಡಿರಬಹುದು. ಹಿಂದಿನಿಂದ ಇನ್ನೊಂದು ಈಡು ಹೊಡೆದರೆ ಅದಕ್ಕೆ ಹೋಗಲು ದಾರಿ ಇಲ್ಲ. ನಳಿಗೆ ಒಡೆಯುತ್ತದೆ, ಅದೂ ನಿಮ್ಮ ಎಡಗೈ ಹಿಡಿದಿರುವ ಆಸುಪಾಸಿನಲ್ಲೇ. ತೋಟಾ ತೆಗೆದು, ಹಿಂದಿನ ಕಡೆಯಿಂದ ಆಕಾಶದ ಬೆಳಕಿಗೆ ನಳಿಗೆ ನೋಡಿ. ಪೂರ್ತಿ ಗುಂಡಗೆ ಬೆಳಕು ಕಾಣದಿದ್ದರೆ ಅವತ್ತಿಗೆ ಕೋವಿ ಕೆಲಸ ಮುಗಿಯಿತು.

ಬಹಳ ದಿನ ಮೂಲೆಯಲ್ಲಿದ್ದ ಕೋವಿಯನ್ನೂ ಹೀಗೇ ನೋಡಬೇಕು. ಕುಂಬಾರ ಹುಳಕ್ಕೆ ನಳಿಗೆಯಂಥ ಜಾಗ ಬೇರೆ ಇಲ್ಲ, ಒಳಗೆ ಮಣ್ಣಿನ ಗೂಡು ಕಟ್ಟಿ ಮರಿ ಮಾಡಿರುತ್ತದೆ.

ಮನೆಯಲ್ಲಿ 12 ಬೋರ್, 20 ಬೋರ್ ಎರಡೂ ಇದೆ. ತೊಂದರೆಯೇನು?

ತೋಟಾ ಬೆರಕೆಯಾದರೆ ದೊಡ್ಡ ತೊಂದರೆ. ಬೋರ್ ಅಂದರೆ ನಳಿಗೆಯ ಅಳತೆ, ಅಂಕಿ ದೊಡ್ಡದಾದಷ್ಟೂ ನಳಿಗೆ ಸಣ್ಣದು, ಹಾಗಾಗಿ 20 ಬೋರ್ ತೋಟಾ ಸಣ್ಣದು. ಕತ್ತಲೆಯಲ್ಲಿ ಅದನ್ನು 12 ಬೋರಿಗೆ ಹಾಕಿದರೆ ಜಾರಿ ಮುಂದಕ್ಕೆ ಹೋಗಿ ನಳಿಗೆಯೊಳಗೆ ಸಿಕ್ಕಿಕೊಳ್ಳುತ್ತದೆ. ಟ್ರಿಗರ್ ಎಳೆದರೆ ಟಕ್. ಮಡಚಿ ನೋಡಿದರೆ ಖಾಲಿ. ಓ, ತೋಟಾ ಹಾಕೋದನ್ನೇ ಮರೆತೆ ಅಂತ 12 ಬೋರಿನದು ಹಾಕುತ್ತೀರಿ, ಅದು ಸರಿಯಾಗಿ ಕೂರುತ್ತದೆ, ಹೊಡೆಯುತ್ತೀರಿ. ಮುಂದಿನದು ಹೇಳಬೇಕಾಗಿಲ್ಲ. 20 ಬೋರ್ ತೋಟಾಕ್ಕೆ ಹಳದಿ ಬಣ್ಣ ಕೊಡುವ ರೂಢಿ ಬಂದದ್ದು ಇದಕ್ಕೇ. ಆದರೆ ಎಲ್ಲ ತಯಾರಕರೂ ಹಳದಿಯೇ ಮಾಡುತ್ತಾರೆ ಅಂತ ನಂಬಬೇಡಿ, ಟಾರ್ಚ್ ಹಾಕಿ ತಳದ ಅಂಕಿ ಓದಿ. ಒಂದೇ ಜೇಬಿನಲ್ಲಿ ಎರಡನ್ನೂ ಇಟ್ಟುಕೊಳ್ಳಲೇಬೇಡಿ.

ಹಾರದ ತೋಟಾವನ್ನು ಬಿಸಿಲಿಗೆ ಒಣಗಿಸಿ ಮತ್ತೆ ಹೊಡೆಯಬಹುದಾ? ಇಲ್ಲಾ ಬಚ್ಚಲೊಲೆಗೆ ಹಾಕಿಬಿಡಲಾ?

ಎರಡೂ ಬೇಡ. ಕೆಟ್ಟ ಕೇಪು ಬಿಸಿಲಿಗೆ ಸರಿಹೋಗುವುದಿಲ್ಲ, ಒಳ್ಳೆ ಮದ್ದು ಮಾತ್ರ ಕಾದು ಹಾಳಾಗುತ್ತದೆ. ಒಲೆಗೆ ಹಾಕಿದರೆ ಸಿಡಿಯುತ್ತದೆ. ನಳಿಗೆ ಇಲ್ಲದ ಕಾರಣ ಚರೆ ದೂರ ಹೋಗದಿರಬಹುದು, ಆದರೆ ಹಿತ್ತಾಳೆ ಚೂರು, ಕೆಂಡ ನಿಮ್ಮ ಕಣ್ಣಿಗೆ ಬೀಳಲು ದೂರ ಹೋಗಬೇಕಾಗಿಲ್ಲ. ಮರುದಿನ ಸ್ನಾನಕ್ಕೆ ನೀರು ಕಾಯಿಸುವವರು ಮನೆಯ ಹೆಂಗಸರು, ಅವರಿಗೆ ಒಲೆಯಲ್ಲಿ ಏನಿದೆ ಅಂತ ಏನು ಗೊತ್ತು? ಕೆರೆಗೆ, ಗೊಬ್ಬರಗುಂಡಿಗೆ ಎಸೆಯುವುದೂ ತಪ್ಪು. ಪ್ರತ್ಯೇಕ ಡಬ್ಬಿಯಲ್ಲಿ, ‘ಕೆಟ್ಟದ್ದು’ ಅಂತ ಬರೆದು ಬೀಗದೊಳಗೆ ಇಡಿ. ಕೊಂಡ ಅಂಗಡಿಯವರನ್ನು ಕೇಳಿ, ಆಗದಿದ್ದರೆ ಠಾಣೆಯಲ್ಲಿ ಕೇಳಿ ಒಪ್ಪಿಸಿ. ತೋಟಾ ಕೊಂಡದ್ದು ಲೈಸೆನ್ಸ್ ಪುಸ್ತಕದಲ್ಲಿ ಬರೆದಿರುತ್ತದೆ, ಲೆಕ್ಕ ತಪ್ಪಿದರೆ ತಲೆನೋವು ನಿಮಗೇ. ಬಿಚ್ಚಿ ಮದ್ದು ತೆಗೆಯುವ ಸಾಹಸವಂತೂ ಬೇಡ.

ಚೌಡಿ ಬನದ ಹತ್ತಿರ ಈಡು ಹಾರೋದಿಲ್ಲ ಅಂತಾರೆ. ನಿಜವಾ?

ಇದನ್ನು ಕೇಳದ ಮಲೆನಾಡಿನವರಿಲ್ಲ. ಮಂತ್ರ ಹಾಕಿ ಕೋವಿ ಕಟ್ಟುವವರ ಕಥೆಯೂ ಊರೂರಲ್ಲಿದೆ. ಬನ ಅಂದರೆ ಬಿಸಿಲು ಬೀಳದ ಜಾಗ, ಎಲೆಯಿಂದ ಸದಾ ನೀರು ತೊಟ್ಟಿಕ್ಕುತ್ತಿರುತ್ತದೆ. ಬಾಯಿ ತೆರೆದ ಕೇಪಿನ ಕೋವಿ ಹಿಡಿದು ಅಲ್ಲಿ ಹೊಂಚುಹಾಕಿ ಕೂತವನ ಮದ್ದು ಒಣಗಿ ಇರುವುದೇ ಆಶ್ಚರ್ಯ. ಹಾಗಂತ ನಾನು ನಂಬಿಕೆಯ ವಿರುದ್ಧ ವಾದಕ್ಕೆ ಬರುವುದಿಲ್ಲ. ಬನದಲ್ಲಿ ಕೋವಿ ಎತ್ತಬಾರದು ಅನ್ನುವ ಹೆದರಿಕೆಯಿಂದ ಎಷ್ಟೋ ಪ್ರಾಣಿ ಬದುಕಿವೆ. ಇರಲಿ ಬಿಡಿ.

ಎಲೆಕ್ಷನ್ ಮುಗಿದು ಕೋವಿ ವಾಪಸ್ ಬಂದಮೇಲೆ ಸರಿಯಾಗಿ ಹೊಡೀತಿಲ್ಲ.

ಚುನಾವಣೆ ಬಂದರೆ ಲೈಸೆನ್ಸ್ ಕೋವಿಯನ್ನು ಠಾಣೆಗೆ ಒಪ್ಪಿಸಲು ಹೇಳುತ್ತಾರೆ, ನೀತಿಸಂಹಿತೆ ಮುಗಿದ ಮೇಲೇ ವಾಪಸ್. 2024ರ ಲೋಕಸಭೆ ಚುನಾವಣೆಯ ನೀತಿಸಂಹಿತೆ ಮಾರ್ಚ್ 16ರಿಂದ ಜೂನ್ ಮೊದಲ ವಾರದವರೆಗೆ ಇತ್ತು. ಅಷ್ಟು ದಿನ ಕೋವಿ ಒರೆಸದೆ ನಿಂತರೆ, ಅದೂ ವಾಪಸ್ ಬರುವ ಹೊತ್ತಿಗೆ ಮಳೆ ಹಿಡಿದರೆ, ಸ್ಪ್ರಿಂಗಿಗೂ ಪಿನ್ನಿಗೂ ತುಕ್ಕು ಬಂದೇ ಬರುತ್ತದೆ. ಒಪ್ಪಿಸುವ ಮೊದಲು ನಳಿಗೆ ಒಳಗೂ ಹೊರಗೂ ತೆಳುವಾಗಿ ಎಣ್ಣೆ ಹಚ್ಚಿ, ರಸೀದಿ ಮರೆಯದೆ ತೆಗೆದುಕೊಳ್ಳಿ. ತಂದಮೇಲೆ ಒರೆಸಿ, ನಳಿಗೆ ನೋಡಿ, ಆಮೇಲೆ ತೋಟಾ. ಬೆಳೆ ಕಾಯಲು ಕೋವಿ ಬೇಕೇ ಬೇಕು ಅನ್ನುವವರು ವಿನಾಯಿತಿಗೆ ಅರ್ಜಿ ಕೊಡಬಹುದು, ಅದನ್ನು ಜಿಲ್ಲೆಯ ಸ್ಕ್ರೀನಿಂಗ್ ಸಮಿತಿ (ಯಾರು ಕೋವಿ ಒಪ್ಪಿಸಬೇಕು ಅಂತ ತೀರ್ಮಾನಿಸುವ ಸಮಿತಿ) ನೋಡುತ್ತದೆ.

ಇದೆಲ್ಲ ಸರಿ, ಶಿಕಾರಿ ಮಾಡಬಹುದಾ?

ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ಅಜ್ಜಂದಿರ ಶಿಕಾರಿ ಕಥೆಯಾಗಿಯೇ ಉಳಿಯಬೇಕು. ಬೆಳೆ ರಕ್ಷಣೆಯ ಲೈಸೆನ್ಸ್ ಅಂದರೆ ಹಂದಿ ಹೊಡೆಯುವ ಲೈಸೆನ್ಸ್ ಅಲ್ಲ. ಬೆಳೆಗೆ, ಜೀವಕ್ಕೆ ಅಪಾಯ ಅಂದರೆ ಅದೇ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅರಣ್ಯ ಇಲಾಖೆಯ ಅಧಿಕಾರಿಯ ಲಿಖಿತ ಅಪ್ಪಣೆ ಬೇಕು. ಹಂದಿಗೆ ಸಿಡಿಮದ್ದಿನ ಉಂಡೆ ಇಡುವುದು ಅಪರಾಧ, ಅದು ಹಂದಿಗಿಂತ ಮೊದಲು ಪಕ್ಕದ ಮನೆಯ ದನದ ದವಡೆ ಹಾರಿಸುತ್ತದೆ.

ಮಂಗ ಓಡಿಸೋಕೆ ಪೈಪಿನ ಕಾರ್ಬೈಡ್ ಕೋವಿ ಇದೆ. ಅದೂ ಕೆಲವೊಮ್ಮೆ ಹೊಡೆಯೋದಿಲ್ಲ.

ಆಗ ಪೈಪಿನೊಳಗೆ ಇಣುಕಬೇಡಿ. ಕಾರ್ಬೈಡಿಗೆ ನೀರು ತಾಗಿದಾಗ ಅಸಿಟಿಲಿನ್ ಅನಿಲ ಬರುತ್ತದೆ, ಅದಕ್ಕೆ ಕಿಡಿ ತಾಗಿದರೆ ಸದ್ದು. ಸದ್ದು ಬರಲಿಲ್ಲ ಅಂದರೆ ಅನಿಲ ಒಳಗೇ ತುಂಬಿಕೊಂಡಿದೆ ಅಂತ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಇದೇ ಆಟಕ್ಕೆ ಬಹಳ ಮಕ್ಕಳ ಕಣ್ಣಿಗೆ ಪೆಟ್ಟಾಯಿತು. ಹಾರದ ಪೈಪನ್ನು ಇಣುಕಿ ನೋಡಿದ್ದೂ ಅದಕ್ಕೆ ಒಂದು ಕಾರಣ. ಇದಕ್ಕೆ ಲೈಸೆನ್ಸ್ ಬೇಡ ಅಂತ ಮಕ್ಕಳ ಕೈಗೆ ಕೊಡುವವರು ಕೋವಿಯನ್ನಾದರೂ ಬೀಗ ಹಾಕಿ ಇಡುತ್ತಾರೆ, ನೋಡಿ ವಿಚಿತ್ರ.

ಹಾರಿದ ಖಾಲಿ ತೋಟಾದಲ್ಲಿ ಮಕ್ಕಳು ಸೀಟಿ ಊದ್ತಾರೆ. ಪರವಾಗಿಲ್ವಾ?

ಬೇಡ. ಕೇಪಿನ ಸಿಡಿಮದ್ದಿನಲ್ಲಿ ಸಾಮಾನ್ಯವಾಗಿ ಸೀಸ ಇರುತ್ತದೆ, ಅದರ ಮಸಿ ಒಳಗೆ ಅಂಟಿರುತ್ತದೆ. ಅದಕ್ಕಿಂತ ಮುಖ್ಯ, ಖಾಲಿ ಯಾವುದು ತುಂಬಿದ್ದು ಯಾವುದು ಅಂತ ಮಕ್ಕಳು ಆರಿಸಿಕೊಳ್ಳುವ ಹಾಗೆ ಆಗಬಾರದು. ಸೀಟಿ ಬೇಕಿದ್ದರೆ ಜಾತ್ರೆಯಲ್ಲಿ ಕೊಡಿಸಿ.